ಏರಿದ ದಾರಿಯಲ್ಲೇ ಇಳಿಯಬೇಕು

ಶಾಲೆಯ ಮಧ್ಯಾಹ್ನದ ಊಟದ ವೇಳೆಗೆ ಮುಖ್ಯೋಪಾಧ್ಯಾಯನಾದವನು ಮಕ್ಕಳ ಸಾಲುಗಳ ನಡುವೆ ಒಮ್ಮೆ ಅಡ್ಡಾಡಿ ಬರುವುದು ಒಳ್ಳೆಯ ಪದ್ಧತಿ. ಹಾಜರಿ ಪುಸ್ತಕ ಹೇಳದಿರುವ ಎಷ್ಟೋ ಸಂಗತಿಗಳನ್ನು ಊಟದ ತಟ್ಟೆ ಹೇಳುತ್ತದೆ. 2023ರ ಜುಲೈ ತಿಂಗಳಿನಲ್ಲಿ, ಹೊರಗೆ ಆಟಿಯ ಮಳೆ ಬಿಡದೆ ಸುರಿಯುತ್ತಿದ್ದ ಒಂದು ದಿನ, ಆರನೆಯ ತರಗತಿಯ ಹುಡುಗಿಯೊಬ್ಬಳು ತನ್ನ ತಟ್ಟೆಯ ಅನ್ನವನ್ನು ಮೆಲ್ಲನೆ ಪಕ್ಕದವಳ ತಟ್ಟೆಗೆ ದಾಟಿಸುತ್ತಿದ್ದುದು ಕಣ್ಣಿಗೆ ಬಿತ್ತು. ಹೊಟ್ಟೆನೋವೇ ಎಂದು ವಿಚಾರಿಸಿದೆ. ಅಲ್ಲವೆಂದು ತಲೆಯಾಡಿಸಿದಳು. ಮತ್ತೊಮ್ಮೆ ಕೇಳಿದಾಗ, "ಅಮ್ಮ ಈಗ ಅನ್ನ ಉಣ್ಣುವುದಿಲ್ಲ ಮಾಷ್ಟ್ರೇ. ಉಂಡರೆ ದಪ್ಪ ಆಗುತ್ತದಂತೆ" ಎಂದಳು. ಹಾಗೆಂದವಳು ಗಾಳಿಗೆ ತೂರಿಹೋಗುವಂತಿದ್ದ ಹುಡುಗಿ.

ಆ ವಾರವೇ ತಾಯಿಯನ್ನು ಕರೆಯಿಸಿದೆ. ಸಹಕಾರಿ ಸಂಘವೊಂದರಲ್ಲಿ ಗುಮಾಸ್ತೆಯ ಕೆಲಸ. ಪತಿ ಗಲ್ಫಿನಲ್ಲಿ. ಮನೆಯಲ್ಲಿ ವಯಸ್ಸಾದ ಅತ್ತೆ, ಇಬ್ಬರು ಮಕ್ಕಳು. ಕಿರಿಯವನು ಆಗಷ್ಟೇ ಒಂದನೆಯ ತರಗತಿಗೆ ಸೇರಿದ್ದ. ಮಗಳ ವಿಷಯ ತಿಳಿಸಿದಾಗ ಆಕೆಯ ಮುಖ ಬಾಡಿತು. "ನಾನು ಅವಳಿಗೆ ಒಂದು ಮಾತೂ ಹೇಳಿದವಳಲ್ಲ ಮಾಷ್ಟ್ರೇ" ಎಂದರು. ಅದು ನಿಜವೇ ಇರಬೇಕು. ಮಕ್ಕಳು ನಾವು ಹೇಳಿದ್ದನ್ನು ಕಲಿಯುವುದು ಕಡಿಮೆ, ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ್ದನ್ನು ಕಲಿಯುವುದು ಹೆಚ್ಚು.

ಅವರ ಭಯಕ್ಕೆ ಕಾರಣವಿಲ್ಲದಿರಲಿಲ್ಲ. ಅವರ ತಾಯಿ ಮಧುಮೇಹದಿಂದ ಕಾಲಿನ ಎರಡು ಬೆರಳುಗಳನ್ನು ಕಳೆದುಕೊಂಡವರು. ಈಗ ಇವರನ್ನೇ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಪರೀಕ್ಷಿಸಿದಾಗ ಬರಿಹೊಟ್ಟೆಯ ರಕ್ತದ ಸಕ್ಕರೆ 112 ಬಂದಿತ್ತು. ನೂರರ ಒಳಗಿದ್ದರೆ ಚಿಂತೆಯಿಲ್ಲ, 126 ದಾಟಿದರೆ ಮಧುಮೇಹ. ಇದು ನಡುವಿನ ಹೊಸ್ತಿಲು. ತೂಕ 74 ಕಿಲೋ, ಎತ್ತರ ಐದಡಿ ಒಂದಂಗುಲ. ಗಾಬರಿಗೊಂಡು ಜಾಹೀರಾತು ನೋಡಿ ದುಬಾರಿ ಪುಡಿಯೊಂದನ್ನು ತರಿಸಿ, ಎರಡು ಹೊತ್ತಿನ ಊಟದ ಬದಲಿಗೆ ನೀರಿನಲ್ಲಿ ಕಲಸಿ ಕುಡಿದರಂತೆ. ತಿಂಗಳಿನಲ್ಲಿ ನಾಲ್ಕು ಕಿಲೋ ಇಳಿಯಿತು. ಪುಡಿ ಮುಗಿದ ನಾಲ್ಕು ತಿಂಗಳಲ್ಲಿ ಐದು ಕಿಲೋ ಏರಿತು. ಅನಂತರ ಅನ್ನ ಬಿಡುವ ವ್ರತ ಹಿಡಿದದ್ದು. ಹಗಲೆಲ್ಲ ಹಸಿದಿದ್ದು ರಾತ್ರಿ ಹತ್ತು ಗಂಟೆಗೆ ಮಕ್ಕಳು ಮಲಗಿದ ಮೇಲೆ ಡಬ್ಬಿಯ ಬಾಳೆಕಾಯಿ ಚಿಪ್ಸನ್ನು ಖಾಲಿ ಮಾಡಿದ್ದನ್ನೂ ಅವರೇ ನಗುತ್ತ ಹೇಳಿಕೊಂಡರು. ಆ ನಗುವಿನಲ್ಲಿ ಅಳುವೇ ಹೆಚ್ಚಾಗಿತ್ತು.

ವಾಚಕರಲ್ಲಿ ಈ ಕತೆ ಗೊತ್ತಿಲ್ಲದವರು ಕಡಿಮೆ. ಹೀಗೇಕಾಗುತ್ತದೆ ಎಂಬುದನ್ನು ಸ್ವಲ್ಪ ವಿವರಿಸಬೇಕು. ಊಟವನ್ನು ಒಮ್ಮೆಗೇ ಕಡಿದಾಗ ಮೊದಲ ವಾರಗಳಲ್ಲಿ ಇಳಿಯುವ ತೂಕದಲ್ಲಿ ಬಹುಪಾಲು ನೀರು. ಬಳಿಕ ಕೊಬ್ಬಿನೊಂದಿಗೆ ಸ್ನಾಯುವೂ ಕರಗುತ್ತದೆ. ದೇಹವು ಬರಗಾಲ ಬಂತೆಂದು ಭಾವಿಸಿ ತನ್ನ ಖರ್ಚನ್ನು ತಗ್ಗಿಸುತ್ತದೆ, ಹಸಿವನ್ನು ಹೆಚ್ಚಿಸುತ್ತದೆ. ವ್ರತ ಮುಗಿದ ದಿನ ಹಸಿವು ಹಳೆಯದಕ್ಕಿಂತ ದೊಡ್ಡದು, ಖರ್ಚು ಹಳೆಯದಕ್ಕಿಂತ ಚಿಕ್ಕದು. ಏರದೆ ಇನ್ನೇನಾದೀತು? ಇದರಲ್ಲಿ ಆಕೆಯ ಮನೋಬಲದ ದೋಷವೇನೂ ಇಲ್ಲ.

ಮದುವೆಯ ಕಾಲಕ್ಕೆ ಅವರ ತೂಕ 56 ಕಿಲೋ ಇತ್ತಂತೆ. ಹದಿಮೂರು ವರ್ಷಗಳಲ್ಲಿ 18 ಕಿಲೋ, ಎಂದರೆ ವರ್ಷಕ್ಕೆ ಒಂದೂವರೆ ಕಿಲೋಕ್ಕಿಂತ ಕಡಿಮೆ. ಯಾರ ಕಣ್ಣಿಗೂ ಬೀಳದ ವೇಗ. ಹಾಗೆ ಹತ್ತಿದ ಗುಡ್ಡದಿಂದ ಒಂದೇ ತಿಂಗಳಲ್ಲಿ ಕೆಳಗೆ ಹಾರಲು ಹೊರಟದ್ದೇ ತಪ್ಪು. ಹತ್ತಿದ ಮೆಟ್ಟಿಲುಗಳು ಯಾವುವು ಎಂದು ಹುಡುಕೋಣವೆಂದೆ. ಹಳೆಯ ಕಾಪಿ ಪುಸ್ತಕವೊಂದನ್ನು ಕೊಟ್ಟು, ಒಂದು ವಾರ ಏನನ್ನೂ ಬಿಡದೆ, ಬಾಯಿಗೆ ಹೋದುದನ್ನೆಲ್ಲ ಬರೆಯಲು ಹೇಳಿದೆ. ಮೇಷ್ಟ್ರ ಬುದ್ಧಿ, ಬೇರೇನು ಹೊಳೆದೀತು!

ಪುಸ್ತಕ ಮರಳಿ ಬಂದಾಗ ಅನ್ನದ ಅಪರಾಧ ಅಷ್ಟೇನೂ ಕಾಣಲಿಲ್ಲ. ದಿನಕ್ಕೆ ನಾಲ್ಕು ಚಹಾ, ಪ್ರತಿಯೊಂದಕ್ಕೂ ಎರಡು ಚಮಚ ಸಕ್ಕರೆ: ಎಂಟು ಚಮಚ, ಸುಮಾರು 40 ಗ್ರಾಂ, 160 ಕ್ಯಾಲೊರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯು ಇಡೀ ದಿನಕ್ಕೆ 25ರಿಂದ 30 ಗ್ರಾಂ ಸಕ್ಕರೆಯ ಮಿತಿ ಹೇಳುತ್ತದೆ. ಇಲ್ಲಿ ಚಹಾ ಒಂದೇ ಅದನ್ನು ಮೀರಿತ್ತು. ಕಚೇರಿಯ ಸಂಜೆ ಚಹಾದ ಜೊತೆಗೆ ಬೇಕರಿಯ ಪಫ್ಸು. ಬೇಕರಿಯಿಲ್ಲದ ಕವಲುದಾರಿ ನಮ್ಮ ಕಾಸರಗೋಡಿನಲ್ಲಿ ಎಲ್ಲಿದೆ ಹೇಳಿ! ಎಲ್ಲಕ್ಕಿಂತ ನನ್ನ ಗಮನ ಸೆಳೆದದ್ದು ದಿನದಿನವೂ ಬರುತ್ತಿದ್ದ ಒಂದು ಸಾಲು: "ಮಗ ಬಿಟ್ಟ ಅರ್ಧ ದೋಸೆ." "ಮಗಳು ಬಿಟ್ಟ ಅನ್ನ, ಸಾಂಬಾರು." "ಮಗ ಬಿಟ್ಟ ಬಿಸ್ಕತ್ತು ಎರಡು."

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ. ನನ್ನ ಮಕ್ಕಳು ಸಣ್ಣವರಿದ್ದಾಗ ಅವರ ತಟ್ಟೆಯಲ್ಲಿ ಉಳಿದುದನ್ನು ನಾನೇ ಮುಗಿಸುತ್ತಿದ್ದೆ. ಅನ್ನ ಬಿಸಾಡಬಾರದು ಎಂದು ಕಲಿಸಿದ ಮನೆಯಲ್ಲಿ ಬೆಳೆದವನು. ಅದನ್ನು ಸಂಸ್ಕಾರವೆಂದೇ ತಿಳಿದಿದ್ದೆ. ನನ್ನ ಪ್ಯಾಂಟಿನ ಸೊಂಟ ಮೂರು ಸಲ ಬಿಚ್ಚಿ ಹೊಲಿಸಿದ ಮೇಲೆ ದರ್ಜಿಯೇ, "ಇನ್ನು ಬಿಚ್ಚಲು ಬಟ್ಟೆ ಇಲ್ಲ" ಎಂದುಬಿಟ್ಟ. ಹೆಚ್ಚಿಗೆ ಬಡಿಸುವುದೇ ಅನ್ನಕ್ಕೆ ಮಾಡುವ ಅವಮರ್ಯಾದೆ, ಅದಕ್ಕೆ ತಂದೆತಾಯಿಯ ಹೊಟ್ಟೆ ಪ್ರಾಯಶ್ಚಿತ್ತವಲ್ಲ ಎಂಬುದು ನನಗೆ ಹೊಳೆಯಲು ವರ್ಷಗಳು ಬೇಕಾದವು. ಮಗುವಿಗೆ ಮೊದಲು ಅರ್ಧ ದೋಸೆ ಹಾಕಿ, ಕೇಳಿದರೆ ಇನ್ನರ್ಧ. ಅದು ನಮ್ಮ ಮನೆಯಲ್ಲಿಯೂ ಅವರ ಮನೆಯಲ್ಲಿಯೂ ಆದ ಮೊದಲ ಬದಲಾವಣೆ.

"ಎಲ್ಲ ಸರಿ ಮಾಷ್ಟ್ರೇ, ನಡೆಯಲು ಸಮಯವೆಲ್ಲಿದೆ?" ಎಂದು ಅವರು ಕೇಳಿದ ಪ್ರಶ್ನೆಗೆ ಥಟ್ಟನೆ ಉತ್ತರಿಸುವ ಧೈರ್ಯ ನನಗಾಗಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ನಡೆಯಿರಿ ಎಂದು ಉಪದೇಶಿಸುವವರು ಬೆಳಿಗ್ಗೆ ಐದಕ್ಕೆ ಎರಡು ಬುತ್ತಿ ಕಟ್ಟಿ, ಅತ್ತೆಯ ಗಂಜಿಗೆ ಒಲೆ ಹೊತ್ತಿಸಿದವರಲ್ಲ. ಇರುವ ನಿದ್ದೆಯನ್ನು ಕತ್ತರಿಸಿ ನಡೆಯುವುದೂ ಜಾಣತನವಲ್ಲ. ನಿದ್ದೆಗೆಟ್ಟ ದೇಹಕ್ಕೆ ಹಸಿವು ಹೆಚ್ಚು, ಅದರಲ್ಲೂ ಸಿಹಿ ಮತ್ತು ಕರಿದ ತಿಂಡಿಯ ಆಸೆ ಹೆಚ್ಚು. ಆದುದರಿಂದ ಹೊಸ ಸಮಯವನ್ನು ಹುಡುಕದೆ, ದಿನಚರಿಯಲ್ಲಿ ಆಗಲೇ ಇರುವ ಓಡಾಟವನ್ನೇ ನೋಡಿದೆವು. ಬಸ್ಸು ನಿಲ್ಲುವ ಕಟ್ಟೆಯಿಂದ ಮನೆಗೆ ಒಂದು ಕಿಲೋಮೀಟರಿಗೆ ತುಸು ಹೆಚ್ಚು, ಗುಡ್ಡದ ಓರೆ. ಹೋಗಿಬರಲು ಆಟೋರಿಕ್ಷಾ. ನಡೆದರೆ ಹದಿನೈದು ನಿಮಿಷ. ಹೋಗುವಾಗ ಹದಿನೈದು, ಬರುವಾಗ ಹದಿನೈದು, ವಾರಕ್ಕೆ ಐದು ದಿನ: 150 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಾರಕ್ಕೆ ಕನಿಷ್ಠವೆಂದು ಹೇಳುವ ಲೆಕ್ಕವೂ ಅದೇ. ಹೊಸದಾಗಿ ಬೇಕಾದದ್ದು ದಿನಕ್ಕೆ ಇಪ್ಪತ್ತು ನಿಮಿಷ ಮಾತ್ರ, ಏಕೆಂದರೆ ಆಟೋ ಕಾಯುವುದರಲ್ಲಿ ಹತ್ತು ನಿಮಿಷ ಹೇಗೂ ಹೋಗುತ್ತಿತ್ತು. ಆಟೋ ಹಣ ಒಂದು ಡಬ್ಬಿಗೆ ಬಿತ್ತು. ಮೊದಲ ಖರ್ಚು ಗಟ್ಟಿಯಾದ ಒಂದು ಜೊತೆ ಚಪ್ಪಲಿ ಮತ್ತು ಒಳ್ಳೆಯ ಕೊಡೆ. ಆಟಿ ತಿಂಗಳಲ್ಲಿ ಕೊಡೆಯೂ ಸೋತ ದಿನಗಳಿದ್ದವು. ಅಂದು ರಾತ್ರಿ ಊಟದ ಮೇಲೆ ಜಗುಲಿಯಲ್ಲಿ ಮಗನನ್ನು ಮಗ್ಗಿ ಹೇಳಿಸುತ್ತ ಆಚೀಚೆ ನಡೆದರಂತೆ. ಎರಡರ ಮಗ್ಗಿಯಿಂದ ಐದರ ಮಗ್ಗಿಯವರೆಗೆ ಮಳೆಗಾಲವೇ ಕಲಿಸಿತು.

ಹಿಂದಿನವರು ಬಾವಿಯಿಂದ ನೀರು ಸೇದುತ್ತಿದ್ದರು, ಒನಕೆಯಲ್ಲಿ ಭತ್ತ ಕುಟ್ಟುತ್ತಿದ್ದರು, ಅವರಿಗೆ ಈ ಬೊಜ್ಜು ಎಲ್ಲಿತ್ತು ಎಂದು ಕೆಲವು ಹಿರಿಯರು ಹೇಳುವುದುಂಟು. ಅಷ್ಟು ದುಡಿದ ನನ್ನ ಅಜ್ಜಿ ಹೊಟ್ಟೆತುಂಬ ಉಂಡ ದಿನಗಳು ಎಷ್ಟಿದ್ದವು ಎಂಬುದು ನನಗೆ ಗೊತ್ತು. ಪಂಪು ಬಂದುದಕ್ಕೆ ನಾನು ಕೃತಜ್ಞ.

ಅಡುಗೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಕುಚ್ಚಲಕ್ಕಿ ಅನ್ನ ಉಳಿಯಿತು. ಮೂರು ಸೌಟು ಎರಡಾಯಿತು, ತೆರವಾದ ಜಾಗಕ್ಕೆ ಬಸಳೆ, ಹರಿವೆ, ಅಲಸಂಡೆ ಪಲ್ಯ ಬಂತು. ಹುರುಳಿ ಸಾರು, ಹೆಸರುಕಾಳಿನ ಗಸಿ ವಾರದಲ್ಲಿ ನಾಲ್ಕು ದಿನ. ಕಾಳುಗಳಲ್ಲಿಯೂ ಮೀನಿನಲ್ಲಿಯೂ ಇರುವ ಪ್ರೋಟೀನು ಹೊಟ್ಟೆಯನ್ನು ಬಹಳ ಹೊತ್ತು ಸಮಾಧಾನದಲ್ಲಿಡುತ್ತದೆ. ಬೂತಾಯಿ ಕಾವಲಿಯಿಂದ ಸಾರಿನ ಪಾತ್ರೆಗೆ ವರ್ಗವಾಯಿತು. ತೆಂಗಿನೆಣ್ಣೆಯ ಲೆಕ್ಕವನ್ನು ಮಾತ್ರ ನಾನು ಕಪ್ಪು ಹಲಗೆಯ ಮೇಲೆ ಬರೆದಂತೆ ಬಿಡಿಸಿ ತೋರಿಸಿದೆ. ಯಾವ ಎಣ್ಣೆಯೇ ಇರಲಿ, ಗ್ರಾಮಿಗೆ ಒಂಬತ್ತು ಕ್ಯಾಲೊರಿ. ನಾಲ್ಕು ಜನರ ಮನೆಗೆ ತಿಂಗಳಿಗೆ ನಾಲ್ಕು ಲೀಟರು ಬರುತ್ತಿತ್ತು. ಅದರಲ್ಲಿ ಒಂದು ಲೀಟರು ಕಡಿಮೆ ಮಾಡಿದರೆ, ತಲೆಗೆ ದಿನಕ್ಕೆ ಸುಮಾರು ಏಳೂವರೆ ಗ್ರಾಂ, ಹತ್ತಿರ ಹತ್ತಿರ 70 ಕ್ಯಾಲೊರಿ ಉಳಿಯುತ್ತದೆ. ಅಂಗಡಿಯ ಚೀಟಿಯಲ್ಲಿ ಒಂದು ಅಂಕೆ ತಿದ್ದಿದರೆ ಸಾಕು. ಅಡುಗೆಮನೆಯಲ್ಲಿ ದಿನಾ ಮನಸ್ಸಿನೊಂದಿಗೆ ಹೋರಾಡುವ ಪ್ರಮೇಯವೇ ಇಲ್ಲ. ಬಾಳೆಕಾಯಿ ಚಿಪ್ಸಿನ ದೊಡ್ಡ ಡಬ್ಬಿಯನ್ನೂ ಹೀಗೆಯೇ ನಿಲ್ಲಿಸಲಾಯಿತು. ಆಸೆಯಾದ ದಿನ ನೂರು ಗ್ರಾಂ ಪೊಟ್ಟಣ ತಂದು ಎಲ್ಲರೂ ಹಂಚಿಕೊಂಡು ತಿನ್ನುವುದು. ಚಹಾದ ಸಕ್ಕರೆ ಎರಡರಿಂದ ಒಂದೂವರೆ, ಒಂದು, ಅರ್ಧ ಎಂದು ಇಳಿಯಲು ಮೂರು ತಿಂಗಳು ಹಿಡಿಯಿತು. ಈಗ ಬೇರೆಯವರ ಮನೆಯ ಚಹಾ ಪಾಯಸದಂತಿದೆಯೆಂದು ದೂರುತ್ತಾರೆ.

ತೂಕ ನೋಡುವುದು ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ. ದಿನಾ ನೋಡಿದರೆ ಉಪ್ಪು, ನೀರು, ತಿಂಗಳ ದಿನಗಳು ಇವುಗಳಿಂದ ಒಂದು ಕಿಲೋ ಆಚೀಚೆಯಾಗಿ ಮನಸ್ಸು ಕೆಡುತ್ತದೆ. ಸೊಂಟದ ಸುತ್ತಳತೆಗೆ ದರ್ಜಿಯ ಟೇಪು ಸಾಕು. ನಮ್ಮ ದೇಶದವರಿಗೆ ಹೆಂಗಸರಲ್ಲಿ 80, ಗಂಡಸರಲ್ಲಿ 90 ಸೆಂಟಿಮೀಟರು ದಾಟದಿದ್ದರೆ ಒಳ್ಳೆಯದು.

ಗುರಿ ಎಷ್ಟೆಂದು ಆಕೆ ಕೇಳಿದರು. ಮದುವೆಯ ಕಾಲದ 56 ಅವರ ಮನಸ್ಸಿನಲ್ಲಿತ್ತು. ನಾನು ಐದು ಎಂದೆ. ಆಕೆಗೆ ನಿರಾಸೆಯಾಯಿತು. ಆಗ ಎರಡು ಅಧ್ಯಯನಗಳ ವಿಷಯ ಹೇಳಬೇಕಾಯಿತು. ಅಮೆರಿಕದಲ್ಲಿ ಮಧುಮೇಹದ ಹೊಸ್ತಿಲಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಟ್ಟ ಗುರಿ ಎರಡೇ: ತೂಕದಲ್ಲಿ ನೂರಕ್ಕೆ ಏಳರಷ್ಟು ಇಳಿಕೆ, ವಾರಕ್ಕೆ 150 ನಿಮಿಷದ ಚಲನೆ. ಈ ಕ್ರಮ ಹಿಡಿದವರಲ್ಲಿ ಮಧುಮೇಹ ಬರುವ ಪ್ರಮಾಣ, ಹಿಡಿಯದವರಿಗಿಂತ ಶೇಕಡಾ 58ರಷ್ಟು ತಗ್ಗಿತು. 74ಕ್ಕೆ ನೂರಕ್ಕೆ ಏಳೆಂದರೆ ಐದು ಕಿಲೋ ಚಿಲ್ಲರೆ. 2006ರಲ್ಲಿ ಪ್ರಕಟವಾದ ನಮ್ಮ ದೇಶದ 531 ಜನರ ಅಧ್ಯಯನದಲ್ಲಿಯೂ ಆಹಾರ ಮತ್ತು ನಡಿಗೆಯ ಕ್ರಮದಿಂದ ಶೇಕಡಾ 28.5ರಷ್ಟು ತಗ್ಗಿತು. ವಿಶೇಷವೇನೆಂದರೆ ಅವರಲ್ಲಿ ತೂಕ ಹೇಳಿಕೊಳ್ಳುವಷ್ಟು ಇಳಿದೇ ಇರಲಿಲ್ಲ. ತಕ್ಕಡಿಯ ಮುಳ್ಳು ಅಲುಗದ ವಾರಗಳಲ್ಲಿಯೂ ನಡಿಗೆ ವ್ಯರ್ಥವಲ್ಲವೆಂಬುದಕ್ಕೆ ಇದಕ್ಕಿಂತ ಸಮಾಧಾನದ ಮಾತು ನನಗೆ ತಿಳಿದಿಲ್ಲ.

ಒಂದು ಎಚ್ಚರಿಕೆ ಅಗತ್ಯ. ಈಗಾಗಲೇ ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಕಡಿಮೆ ಮಾಡಬಾರದು. ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದೀತು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಕಾರಣವಿಲ್ಲದೆ ತೂಕ ಏರುತ್ತಿರುವವರು ಕೂಡ ಮೊದಲು ವೈದ್ಯರನ್ನೇ ಕಾಣಬೇಕು. ಬೆಳೆಯುವ ಮಕ್ಕಳಿಗಂತೂ ಪಥ್ಯದ ಮಾತೇ ಕೂಡದು.

ಆ ಮನೆಯಲ್ಲಿ "ದಪ್ಪ" ಎಂಬ ಶಬ್ದಕ್ಕೆ ನಿಷೇಧ ಬಿತ್ತು. ನಿಷೇಧ ಹೇರಿದವರು ಅತ್ತೆ. ಸೊಸೆಯ ಮೈಯನ್ನು ಕುರಿತು ನೆಂಟರೆದುರು ಹೆಚ್ಚು ಮಾತಾಡುತ್ತಿದ್ದವರೂ ಅವರೇ ಎಂಬುದನ್ನು ನಾನು ಇಲ್ಲಿ ಬರೆಯುವುದಕ್ಕೆ ಅವರ ಅಭ್ಯಂತರವಿಲ್ಲ. ರಾತ್ರಿ ಎಂಟು ಗಂಟೆಗೆ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವುದೆಂದಾಯಿತು, ತಾಯಿಯೂ ಸೇರಿ. ಅನ್ನ ಉಣ್ಣುವ ಅಮ್ಮನನ್ನು ಮಗಳು ನೋಡಲಿ ಎಂಬುದಷ್ಟೇ ನನ್ನ ಉದ್ದೇಶವಾಗಿತ್ತು. ಕಚೇರಿಯಿಂದ ಬಂದು ಹತ್ತು ಗಂಟೆಯವರೆಗೆ ಹಸಿದಿರುವುದು ತಪ್ಪಿದ್ದರಿಂದ ಚಿಪ್ಸಿನ ಕಾಟವೂ ತಾನಾಗಿ ನಿಂತದ್ದು ನಾನು ಎಣಿಸದೆ ಬಂದ ಲಾಭ.

ಹನ್ನೊಂದು ತಿಂಗಳಲ್ಲಿ, 2024ರ ಜೂನಿಗೆ, ತೂಕ 69. ನಡುವೆ ಪತಿ ರಜೆಯಲ್ಲಿ ಬಂದ ನಲವತ್ತು ದಿನ, ಚಾಕೊಲೇಟು, ನೆಂಟರ ಮನೆಯ ಬಿರಿಯಾನಿ ಎಲ್ಲ ಸೇರಿ ಒಂದೂವರೆ ಕಿಲೋ ಹಿಂದೆ ಬಂದಿತ್ತು. ಅವರು ವಿಮಾನ ಹತ್ತಿದ ಮೇಲೆ ಮೆಲ್ಲನೆ ಹೋಯಿತು. ಬರಿಹೊಟ್ಟೆಯ ಸಕ್ಕರೆ 98. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಾಪಿ ಪುಸ್ತಕವನ್ನು ತೋರಿಸಲು ಬಂದಿದ್ದರು. ಕೊನೆಯ ಸಾಲಿನಲ್ಲಿ 69.8 ಎಂದು ಬರೆದು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ಅಷ್ಟಮಿ, ಚೌತಿ, ಓಣಂ" ಎಂದು ಕಾರಣ ನಮೂದಿಸಿದ್ದರು. ಅಕ್ಷರ ಮಗಳದ್ದು. ಈಗ ಪ್ರತಿ ಭಾನುವಾರ ಬರೆಯುವವಳು ಅವಳೇ ಅಂತೆ. ಆಗ ಏಳನೆಯ ತರಗತಿಯಲ್ಲಿದ್ದಳು. ಅಂದು ಮಧ್ಯಾಹ್ನ ಸಾಲಿನ ನಡುವೆ ಹಾದುಹೋಗುವಾಗ ನೋಡಿದೆ. ಹೆಸರುಕಾಳಿನ ಪಲ್ಯಕ್ಕೆ ಎರಡನೆಯ ಸಲ ತಟ್ಟೆ ಚಾಚಿ ಕುಳಿತಿದ್ದಳು.