ಒಂದು ಮೀಟರ್ ಎತ್ತರದ ಹೀರೋ!

ಚಿತ್ರರಸಿಕ ಮಿತ್ರರೇ, ಈ ವಾರ ಯಾವ ನಟಿಯ ಮದುವೆ ಸುದ್ದಿಯೂ ಇಲ್ಲ, ಯಾವ ಚಿತ್ರದ ಕಲೆಕ್ಷನ್ ಲೆಕ್ಕವೂ ಇಲ್ಲ. ಈ ವಾರದ ಹೀರೋನ ವಯಸ್ಸು ನಾಲ್ಕು. ಎತ್ತರ ಒಂದು ಮೀಟರ್. ನಮ್ಮಣ್ಣನ ಮಗ!

ಅಣ್ಣ ಗೂಡ್ಸ್ ಆಟೋ ಓಡಿಸ್ತಾನೆ. ಅವನ ಗಾಡಿ ನಿಲ್ಲೋದು ಆಯುಧಪೂಜೆಗೆ, ಊರಹಬ್ಬಕ್ಕೆ, ಅಷ್ಟೆ. ಕಳೆದ ಬೇಸಿಗೆಯಲ್ಲಿ ಒಂದು ದಿನ ಬಂದು, “ಲೋ, ಮಕ್ಕಳು ಒಂದೇ ಸಮ ಕಾಡ್ತಾವೆ ಕಣೋ. ಒಂದ್ಸಲ ಆ ದೊಡ್ಡ ಪಾರ್ಕಿಗೆ ಕರ್ಕೊಂಡು ಹೋಗೋಣ. ಪ್ಲಾನ್ ಎಲ್ಲಾ ನಿಂದೇ. ನೀನು ಸಿನಿಮಾದೋರ ಜೊತೆ ಓಡಾಡೋನು” ಅಂದ. ಸಿನಿಮಾದವರಿಗೂ ಜಾರುಬಂಡೆಗೂ ಏನಪ್ಪಾ ಸಂಬಂಧ ಅಂತ ನಾನು ಕೇಳಲಿಲ್ಲ. ಪಿಯುಸಿಯನ್ನು ಅರ್ಧಕ್ಕೇ ಬಿಟ್ಟ ತಮ್ಮನಿಗೆ ಅಣ್ಣ ಒಂದು ಜವಾಬ್ದಾರಿ ಕೊಟ್ಟನಲ್ಲ, ಅದೇ ದೊಡ್ಡದು!

ಪ್ಲಾನ್ ಹಾಕಿದೆ ಸ್ವಾಮೀ, ಥೇಟ್ ಫಸ್ಟ್ ಡೇ ಫಸ್ಟ್ ಷೋ ಥರ. ಗೇಟು ತೆಗೆಯೋ ಮುಂಚೆ ಕ್ಯೂನಲ್ಲಿ ನಿಲ್ಲೋದು. ಮೊದಲು ದೊಡ್ಡ ರೈಲು. ಆಮೇಲೆ ಒಂದೂ ಬಿಡದೆ ಎಲ್ಲಾ ಆಟ. ಕೊಟ್ಟ ದುಡ್ಡು ಪೂರ್ತಿ ವಸೂಲಾಗಬೇಕು! ಚಿಕ್ಕವನಿಗಂತೂ ಒಂದು ತಿಂಗಳಿಂದ ಹೇಳಿಟ್ಟಿದ್ದೆ: “ಆಕಾಶಕ್ಕೆ ಹೋಗೋ ರೈಲಲ್ಲಿ ಮೊದಲನೇ ಸೀಟು ನಿಂದೇ ಕಣೋ.”

ರೈಲಿನ ಬಾಗಿಲಲ್ಲಿ ಏನಿತ್ತು ಗೊತ್ತೇ? ಎತ್ತರ ಅಳೆಯೋ ಹಲಗೆ! ನಮ್ಮ ಹೀರೋ ತುದಿಗಾಲಲ್ಲಿ ನಿಂತ, ಕತ್ತು ಚಾಚಿದ. ಊಹೂಂ, ಗೆರೆ ತಲೆ ಮೇಲೇ ಉಳಿಯಿತು. ಅಲ್ಲಿದ್ದ ಹುಡುಗ ಪಾಪ, ಮೆತ್ತಗೇ “ಆಗಲ್ಲ ಪುಟ್ಟಾ” ಅಂದ. ಅವನದೇನೂ ತಪ್ಪಿಲ್ಲ. ಸೀಟಿನ ಹಿಡಿಕೆ ಇಷ್ಟು ದೊಡ್ಡ ದೇಹವನ್ನು ಹಿಡಿಯಬೇಕು ಅಂತ ಲೆಕ್ಕ ಇರುತ್ತೆ. ಸಣ್ಣ ಮಗು ಅದರೊಳಗಿಂದ ನುಸುಳಿಬಿಡಬಹುದು. ತಪ್ಪು ನಂದು. ಮಗು ಅಳಲಿಲ್ಲ. ನನ್ನ ಮುಖ ನೋಡಿ, “ಚಿಕ್ಕಪ್ಪ, ನೀನು ಸುಳ್ಳು ಹೇಳ್ದೆ” ಅಂದ. ವಿಲನ್ ಕೈಲಿ ಒದೆ ತಿಂದರೂ ಅಷ್ಟು ನೋಯುತ್ತಿರಲಿಲ್ಲ.

ಅಲ್ಲಿಂದ ಮುಂದೆ ಪಿಕ್ಚರ್ ಫ್ಲಾಪು. ಮಧ್ಯಾಹ್ನದ ಹೊತ್ತಿಗೆ ಚಿಕ್ಕವನು ಅಣ್ಣನ ಹೆಗಲ ಮೇಲೆ ನಿದ್ದೆ. ದೊಡ್ಡವಳಿಗೆ ಏಳು ವರ್ಷ, ಅವಳಿಗೆ ಕಾಲು ನೋವು. ಅತ್ತಿಗೆ ಬೆಳಿಗ್ಗೆಯಿಂದ ಒದ್ದೆ ಬಟ್ಟೆಯ ಬ್ಯಾಗು ಕಾಯುತ್ತಾ ಬೆಂಚಿನ ಮೇಲೆ. ಅಣ್ಣ ಬಾಯಲ್ಲೇ ಟಿಕೆಟ್ ದುಡ್ಡು, ಬಸ್ ಚಾರ್ಜು ಕೂಡಿಸುತ್ತಾ ಇದ್ದ.

ನಾಲ್ಕು ಗಂಟೆಗೆ ಚಿಕ್ಕವನು ಎದ್ದ. ಎದುರಿಗೆ ತಿರುಗೋ ಕುದುರೆ. “ಇದು ಜಾತ್ರೇಲೂ ಸಿಗುತ್ತೆ” ಅಂತ ಬೆಳಿಗ್ಗೆ ನಾವೇ ಬಿಟ್ಟು ಬಂದದ್ದು. ಅವನು ಅಪ್ಪನ ಕೈ ಹಿಡಿದು ಎಳೆದ. ಅಣ್ಣ ಪಕ್ಕದ ಕುದುರೆ ಹತ್ತಿದ. ನಾನು ಬ್ಯಾಗು ಇಸ್ಕೊಂಡೆ, ಅತ್ತಿಗೆ ಮಗಳ ಜೊತೆ ಹತ್ತಿದರು. ಎಷ್ಟೋ ವರ್ಷದ ಮೇಲೆ ಅಣ್ಣ ಹಲ್ಲು ಬಿಟ್ಟು ನಕ್ಕದ್ದು ನೋಡಿದೆ. ಮೂರು ಸಲ ಸುತ್ತಿದರು!

ಈಗ ಆ ಸಿನಿಮಾ ಸಂಬಂಧಕ್ಕೆ ಬರ್ತೀನಿ. ಮಿಕ್ಕಿ ಮೌಸ್‌ನ ಅಪ್ಪ ವಾಲ್ಟ್ ಡಿಸ್ನಿ ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿಗೆ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕರೆದೊಯ್ಯುತ್ತಿದ್ದ. ಮಕ್ಕಳು ಇಂಥದೇ ತಿರುಗೋ ಕುದುರೆ ಮೇಲೆ, ಅಪ್ಪ ಬೆಂಚಿನ ಮೇಲೆ. ಅಪ್ಪ-ಅಮ್ಮನೂ ಮಕ್ಕಳ ಜೊತೆ ಆಡೋ ಜಾಗ ಯಾಕಿರಬಾರದು ಅಂತ ಅವನಿಗೆ ಹೊಳೆದದ್ದು ಅಲ್ಲೇ ಅಂತೆ. ಹಾಗೆ ಹುಟ್ಟಿದ್ದು ಡಿಸ್ನಿಲ್ಯಾಂಡ್. ಅದು ಅನಾಹೈಮ್ ಊರಲ್ಲಿ 1955ರ ಜುಲೈ 17ರಂದು ಶುರುವಾಯಿತು. ಆ ದಿನ ಟಿವಿಯಲ್ಲಿ ನಿರೂಪಣೆ ಮಾಡಿದವರಲ್ಲಿ ನಟ ರೊನಾಲ್ಡ್ ರೇಗನ್ ಕೂಡ ಒಬ್ಬ. ಹೌದು, ಆಮೇಲೆ ಅಮೆರಿಕದ ಅಧ್ಯಕ್ಷನಾದನಲ್ಲ, ಅವನೇ!

ಮೊದಲ ದಿನ ಅಲ್ಲೂ ಎಡವಟ್ಟೇ. ನಕಲಿ ಟಿಕೆಟ್ ಹಿಡಿದು ಜನ ನುಗ್ಗಿದರು. ಬಿಸಿಲಿಗೆ ಹೊಸ ಡಾಂಬರು ಮೆತ್ತಗಾಗಿ ಹೆಂಗಸರ ಹೀಲ್ಡ್ ಚಪ್ಪಲಿ ಹೂತುಕೊಂಡವು. ಅದಕ್ಕೂ ಮುಂಚೆ ನಲ್ಲಿ ಕೆಲಸದವರ ಮುಷ್ಕರ. ಕುಡಿಯೋ ನೀರಿನ ನಲ್ಲಿಯೋ ಶೌಚಾಲಯವೋ, ಒಂದೇ ಮುಗಿಯೋದು ಅಂದಾಗ ಡಿಸ್ನಿ ಶೌಚಾಲಯ ಆರಿಸಿದ. ಮಕ್ಕಳನ್ನು ಸಾಕಿದ ಅಪ್ಪ ನೋಡಿ!

ಆದ್ದರಿಂದ ಮಿತ್ರರೇ, ಅಣ್ಣನ ಮಕ್ಕಳನ್ನೋ ಅಕ್ಕನ ಮಕ್ಕಳನ್ನೋ ಮೊದಲ ಸಲ ಕರೆದೊಯ್ಯೋ ಕೆಲಸ ನಿಮ್ಮ ತಲೆಗೆ ಬಂದರೆ, ಹೊರಡೋ ಮುಂಚೆ ಮನೆ ಗೋಡೆಗೆ ನಿಲ್ಲಿಸಿ ಎತ್ತರ ಅಳೆಯಿರಿ. 2005ರಲ್ಲಿ ಬಿಡದಿ ಹತ್ತಿರ ಶುರುವಾದ ವಂಡರ್‌ಲಾದಲ್ಲಿ ಮಕ್ಕಳ ಟಿಕೆಟ್ಟೂ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. ಯಾವ ಆಟಕ್ಕೆ ಎಷ್ಟು ಎತ್ತರ ಅಂತ ಮೊದಲೇ ಕೇಳಿಕೊಳ್ಳಿ. ಆಗದ ಆಟದ ಆಸೆ ಹುಟ್ಟಿಸಬೇಡಿ. ನೀರಾಟಕ್ಕೆ ನೈಲಾನ್ ಬಟ್ಟೆ, ಬದಲಿಸಲು ಇನ್ನೊಂದು ಜೊತೆ, ಟವೆಲ್ಲು. ಶಾಲೆ ರಜದ ಭಾನುವಾರಕ್ಕಿಂತ ಶಾಲೆ ಇರೋ ವಾರದ ದಿನ ಕ್ಯೂ ಚಿಕ್ಕದು. ಸಣ್ಣವರ ಆಟ ಬೆಳಿಗ್ಗೆಯೇ ಆಡಿಸಿ, ಮಧ್ಯಾಹ್ನ ನೆರಳಲ್ಲಿ ಒಂದು ನಿದ್ದೆ ಬಿಡಿ. ಬ್ಯಾಗು ಕಾಯೋ ಪಾಳಿ ಹಂಚಿಕೊಳ್ಳಿ. ಅತ್ತಿಗೆಯವರೂ ಟಿಕೆಟ್ ಕೊಟ್ಟೇ ಬಂದಿರುತ್ತಾರೆ! ಐದು ಆಟ ಆದರೆ ಐದೇ ಸಾಕು. ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಗೆ ಹೋಗೋಣ ಅಂತ ನೀವೇ ಒತ್ತಾಯ ಮಾಡ್ತಿದ್ದರೆ ಎದೆ ಮುಟ್ಟಿ ಹೇಳಿ, ಸೆಟ್ ನೋಡೋ ಆಸೆ ಮಕ್ಕಳದೋ ನಿಮ್ಮದೋ?

ಅಣ್ಣನ ಮನೆ ಬಾಗಿಲ ಚೌಕಟ್ಟಿನ ಮೇಲೆ ಈಗ ಪೆನ್ಸಿಲ್ ಗೆರೆಗಳಿವೆ. ನಾನು ಹೋದಾಗಲೆಲ್ಲ ಚಿಕ್ಕವನು ಬೆನ್ನು ಕೊಟ್ಟು ನಿಂತು, “ಚಿಕ್ಕಪ್ಪ, ಆಯ್ತಾ?” ಅಂತಾನೆ.

“ಇನ್ನೂ ಇಲ್ಲ ಕಣೋ” ಅಂತೀನಿ. ಈಗ ನಿಜವನ್ನೇ ಹೇಳ್ತೀನಿ ಸ್ವಾಮೀ.

ಮುಂದಿನ ವಾರ ಸಿಗೋಣ.