ಮೋಜಿನ ದೋಣಿಗೆ ಕೆಂಪು ಡೀಸೆಲ್ ಏಕೆ?

ಡೀಸೆಲಿಗೆ ಬಣ್ಣ ಹಾಕುವುದು ಚೆಂದಕ್ಕಲ್ಲ, ಲೆಕ್ಕಕ್ಕೆ. ಬ್ರಿಟನ್ನಿನಲ್ಲಿ ರೈತನ ಟ್ರ್ಯಾಕ್ಟರಿಗೂ ಮೀನುಗಾರನ ದೋಣಿಗೂ ಕಡಿಮೆ ಸುಂಕದಲ್ಲಿ ಕೊಡುವ ಡೀಸೆಲ್ ಕೆಂಪಗಿರುತ್ತದೆ. ರಸ್ತೆಯಲ್ಲಿ ಓಡುವ ಕಾರಿನ ಟ್ಯಾಂಕಿನಲ್ಲಿ ಅದು ಸಿಕ್ಕಿದರೆ ಬಣ್ಣವೇ ಸಾಕ್ಷಿ. ನಮಗಿದು ಹೊಸದಲ್ಲ. ರೇಶನ್ ಅಂಗಡಿಯ ಸೀಮೆಎಣ್ಣೆ ನೀಲಿಯಾಗಿದ್ದುದೂ ಇದೇ ಕಾರಣಕ್ಕೆ. ಸರಕಾರ ತನ್ನ ಆದಾಯ ಬಿಟ್ಟುಕೊಟ್ಟ ಎಣ್ಣೆ ಯಾರಿಗಾಗಿ ಇದೆಯೋ ಅವರಿಗೇ ತಲುಪಲಿ ಎಂಬುದು ಆ ಬಣ್ಣದ ಅರ್ಥ.

ಹಾಗಾದರೆ ರಜೆಯಲ್ಲಿ ತಿರುಗಾಡಲೆಂದು ದೋಣಿ ಇಟ್ಟುಕೊಂಡವನ ಟ್ಯಾಂಕಿನಲ್ಲೂ ಈ ಕೆಂಪು ಏಕೆ?

ಬ್ರಿಟನ್ನಿನ ಖಾಸಗಿ ವಿಹಾರದೋಣಿಗಳು ಬಹುಕಾಲ ಅಗ್ಗದ ಡೀಸೆಲಿನಲ್ಲೇ ಓಡಿದವು. ಯುರೋಪಿಯನ್ ಒಕ್ಕೂಟದ 2003ರ ಇಂಧನ ತೆರಿಗೆ ನಿಯಮ, ಹಡಗುಗಳಿಗೆ ಕೊಟ್ಟ ವಿನಾಯಿತಿಯಿಂದ ಮೋಜಿನ ದೋಣಿಗಳನ್ನು ಹೊರಗಿಟ್ಟಿತು. ಬ್ರಿಟನ್ ಪಡೆದಿದ್ದ ವಿಶೇಷ ಅನುಮತಿ 2006ರ ಕೊನೆಗೆ ಮುಗಿಯಿತು. 2008ರ ನವೆಂಬರ್ 1ರಿಂದ ದೋಣಿ ಓಡಿಸುವ ಡೀಸೆಲಿಗೆ ಪೂರ್ಣ ಸುಂಕ ಬಂತು. ಆದರೆ ದೋಣಿಯೊಳಗೆ ಚಳಿ ಕಾಯಿಸಲು, ದೀಪ ಉರಿಸಲು ಬಳಸುವ ಪಾಲಿಗೆ ರಿಯಾಯಿತಿ ಉಳಿಯಿತು. ಹೆಚ್ಚಿನ ದೋಣಿಗಳಲ್ಲಿ ಟ್ಯಾಂಕು ಒಂದೇ. ಯಾವುದಕ್ಕೆ ಎಷ್ಟು ಎಂಬುದನ್ನು ಕೊಳ್ಳುವವನೇ ಹೇಳಬೇಕು. ಓಟಕ್ಕೆ 60 ಪಾಲು, ಒಳಗಿನ ಬಳಕೆಗೆ 40 ಪಾಲು ಎಂಬುದು ರೂಢಿಯಾಯಿತು; ತೆರಿಗೆ ಇಲಾಖೆಯೂ ಅದನ್ನು ಒಪ್ಪಿಕೊಂಡಿತು.

2022ರ ಮಾರ್ಚಿನಲ್ಲಿ ನಿಗದಿಯಾದ ದರದಂತೆ ಪೂರ್ಣ ಸುಂಕ ಲೀಟರಿಗೆ 52.95 ಪೆನ್ಸ್, ರಿಯಾಯಿತಿಯದು 10.18 ಪೆನ್ಸ್. ನೂರು ಲೀಟರ್ ತುಂಬಿಸಿ 40 ಪಾಲು ಚಳಿಗೆ ಎಂದರೆ ಸುಂಕದಲ್ಲೇ ಸುಮಾರು 17 ಪೌಂಡ್ ಉಳಿಯುತ್ತದೆ. ಸಣ್ಣ ಮೊತ್ತ ಎನ್ನುತ್ತೀರಾ? ಸಣ್ಣದಾದರೆ ಅದನ್ನು ಬಿಟ್ಟುಕೊಡಲು ಇಷ್ಟು ಹಟವೇಕೆ? ಬೇಸಿಗೆಯ ಬಿಸಿಲಲ್ಲಿ ತೇಲುವ ದೋಣಿಗೂ ಚಳಿಯ ಲೆಕ್ಕ ಬರೆಯಬಹುದಾದ ವ್ಯವಸ್ಥೆ ಇದು.

ಇನ್ನೊಂದು ವಾದವಿದೆ, ಅದನ್ನು ನಾವು ತಳ್ಳಿಹಾಕುವುದಿಲ್ಲ. ಮನೆಯ ಬೆಲೆ ಕೈಗೆಟುಕದೆ ಕಾಲುವೆಯ ದೋಣಿಯಲ್ಲೇ ಸಂಸಾರ ಹೂಡಿದವರು ಅಲ್ಲಿದ್ದಾರೆ. ಅವರ ಒಲೆಗೆ, ಅವರ ಮಕ್ಕಳ ಬೆಚ್ಚನೆಗೆ ಬೇಕಾದ ಡೀಸೆಲಿಗೆ ರಿಯಾಯಿತಿ ಸಿಗಲೇಬೇಕು. ಆದರೆ ಅವರ ಹೆಗಲ ಮೇಲೆ ಬಂದೂಕಿಟ್ಟು ಗುಂಡು ಹಾರಿಸುವವರು ಬೇರೆ. ದೋಣಿಯೇ ಮನೆಯಾದವನಿಗೂ ಮನೆಯ ಜೊತೆಗೆ ದೋಣಿ ಇರುವವನಿಗೂ ಒಂದೇ ರಿಯಾಯಿತಿ ಕೊಡುವುದು ಯಾವ ನ್ಯಾಯ?

2018ರ ಅಕ್ಟೋಬರಿನಲ್ಲಿ ಯುರೋಪಿಯನ್ ನ್ಯಾಯಾಲಯ, ಮೋಜಿನ ದೋಣಿ ಓಡಿಸಲು ಬಣ್ಣದ ಡೀಸೆಲ್ ಬಳಸಗೊಟ್ಟದ್ದು ತಪ್ಪು ಎಂದು ಬ್ರಿಟನ್ನಿಗೆ ಹೇಳಿತು. 2021ರ ಅಕ್ಟೋಬರಿನಿಂದ ಉತ್ತರ ಐರ್ಲೆಂಡಿನಲ್ಲಿ ಅದು ನಿಂತಿತು. ಉಳಿದ ಬ್ರಿಟನ್ನಿನಲ್ಲಿ ನಿಲ್ಲಲಿಲ್ಲ. 2022ರ ಏಪ್ರಿಲಿನಲ್ಲಿ ಕಟ್ಟಡ ಕೆಲಸದ ಯಂತ್ರಗಳಿಂದ ಕೆಂಪು ಡೀಸೆಲನ್ನು ಕಿತ್ತುಕೊಂಡರು, ಮಾಲಿನ್ಯದ ಕಾರಣ ಕೊಟ್ಟು. ಮನೆ ಕಟ್ಟುವ ಯಂತ್ರಕ್ಕಿಲ್ಲದ ಕೆಂಪು ವಿಹಾರದೋಣಿಗೆ ಉಳಿಯಿತು!

ನಮ್ಮ ಕರಾವಳಿಯತ್ತ ನೋಡಿ. ಮೀನುಗಾರಿಕೆ ದೋಣಿಗಳ ಡೀಸೆಲಿಗೆ ಕರ್ನಾಟಕ ಸರಕಾರ ಮಾರಾಟ ತೆರಿಗೆ ಬಿಡುತ್ತದೆ. ಆದರೆ ಅದಕ್ಕೆ ಮಿತಿಯಿದೆ: 2023ರ ಬಜೆಟ್ಟಿನಲ್ಲಿ ಅದನ್ನು ವರ್ಷಕ್ಕೆ ಒಂದೂವರೆ ಲಕ್ಷ ಕಿಲೋಲೀಟರಿನಿಂದ ಎರಡು ಲಕ್ಷಕ್ಕೆ ಏರಿಸಲಾಯಿತು. ಮಲ್ಪೆಯ ಮೀನುಗಾರ "ನನಗೆ ಇಷ್ಟು ಬೇಕು" ಎಂದು ಚೀಟಿ ಬರೆದರೆ ಸಾಲದು. ಬೆವರು ಸುರಿಸುವವನ ಲೀಟರಿಗೆ ಅಳತೆ, ಮೋಜು ಮಾಡುವವನ ಲೀಟರಿಗೆ ನಿಯತ್ತಿನ ಮಾತು.

ನಾವು ಕೇಳುವುದು ಕಷ್ಟದ ಸಂಗತಿಯಲ್ಲ. ದೋಣಿಯಲ್ಲೇ ಬದುಕುವವರನ್ನು ಗುರುತಿಸಿ ರಿಯಾಯಿತಿ ಕೊಡಲಿ. ಉಳಿದವರಿಗೆ ಚಳಿಗೆಂದೇ ಡೀಸೆಲ್ ಬೇಕಿದ್ದರೆ ಬೇರೆ ಟ್ಯಾಂಕು ಇಟ್ಟುಕೊಳ್ಳಲಿ. ದೋಣಿ ಕೊಳ್ಳಲು ಹಣವಿದ್ದವನಿಗೆ ಟ್ಯಾಂಕು ಭಾರವಾಗದು. ತಿರುಗಾಟದ ಖುಷಿಯನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ. ಅದರ ಖರ್ಚನ್ನು ಖುಷಿಪಟ್ಟವರೇ ಕೊಡಲಿ ಎನ್ನುತ್ತಿದ್ದೇವೆ, ಅಷ್ಟೆ.