ಶಿಶುತರಗತಿಗೆ ಪ್ರಾಸದ ಪಾಠ

ಪ್ರಾಸವೆಂದೊಡನೆ ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗೆ ನೆನಪಾಗುವುದು ಪರೀಕ್ಷೆಯ ಪ್ರಶ್ನೆ. ಪದ್ಯದ ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕೆಂಬ ನಿಯಮ, ಅದರ ಆರು ಭೇದಗಳು, ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿ ಅದರ ಚರ್ಚೆ, 1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಅದನ್ನು ಕೈಬಿಟ್ಟ ಸಂಗತಿ, ಇಷ್ಟನ್ನು ಬರೆದರೆ ಅಂಕಗಳು ದೊರೆಯುತ್ತವೆ. ಹಲವು ವರ್ಷ ಹೀಗೆಯೇ ಪಾಠ ಹೇಳಿಕೊಂಡು ಬಂದ ನನಗೆ ಪ್ರಾಸದ ಇನ್ನೊಂದು ಮುಖ ಕಂಡದ್ದು ದೆಹಲಿಯ ರೋಹಿಣಿಯಲ್ಲಿರುವ ತಂಗಿಯ ಮಗಳ ಮನೆಯಲ್ಲಿ, ಊಟದ ಹೊತ್ತಿನಲ್ಲಿ.

ಆ ಮನೆಯ ನಾಲ್ಕು ವರ್ಷದ ಮಗುವಿಗೆ ಶಿಶುವಿಹಾರದಲ್ಲಿ ಹಿಂದಿ, ಬೀದಿಯಲ್ಲಿ ಹಿಂದಿಯೊಂದಿಗೆ ಪಂಜಾಬಿ, ಮನೆಯಲ್ಲಿ ಅಜ್ಜಿಯ ಕನ್ನಡ. 'ಹಾಲು ಗೀಲು ಕುಡಿದೆಯೇನೋ?' ಎಂದು ನನ್ನ ತಂಗಿ ಕೇಳಿದಳು. ಮಗು ನಕ್ಕು 'ಪಾನಿ-ವಾನಿ' ಎಂದಿತು. ನೆರೆಮನೆಯಲ್ಲಿ ಕಲಿತ 'ರೋಟಿ-ಶೋಟಿ'ಯನ್ನೂ ಸೇರಿಸಿತು. ಆಮೇಲೆ ತಾನಾಗಿಯೇ 'ಮರ ಗಿರ, ಬಾಳೆ ಗೀಳೆ' ಎಂದು ಪೋಣಿಸುತ್ತ ಹೋಗಿ, ಕೊನೆಗೆ 'ಅಜ್ಜ ಗಿಜ್ಜ' ಎಂದು ನನ್ನನ್ನೂ ಬಿಡಲಿಲ್ಲ.

ಈ ಆಟವನ್ನು ತುಸು ಗಮನಿಸಬೇಕು. ಕನ್ನಡದ ಪ್ರತಿಧ್ವನಿ ಪದದಲ್ಲಿ ಮೊದಲ ಅಕ್ಷರ ಮಾತ್ರ 'ಗಿ' ಅಥವಾ 'ಗೀ' ಎಂದು ಬದಲಾಗುತ್ತದೆ. ಎರಡನೆಯ ಅಕ್ಷರದಿಂದ ಮುಂದಿನದು ಹಾಗೆಯೇ ಉಳಿಯುತ್ತದೆ. ಮೂಲಪದದ ಮೊದಲ ಅಕ್ಷರ ಹ್ರಸ್ವವಾಗಿದ್ದರೆ ಇಲ್ಲಿಯೂ ಹ್ರಸ್ವ, ದೀರ್ಘವಾಗಿದ್ದರೆ ದೀರ್ಘ. ನಮ್ಮ ಆದಿಪ್ರಾಸದ ನಡೆಯೂ ಇದೇ ಅಲ್ಲವೆ? ಪೂರ್ವಕವಿಗಳು ನಿಯಮವಾಗಿ ಪಾಲಿಸಿದ್ದನ್ನು ಆ ಮಗು ನಿಯಮದ ಹೆಸರೇ ತಿಳಿಯದೆ ಪಾಲಿಸುತ್ತಿತ್ತು. ಪದವನ್ನು ಧ್ವನಿಗಳಾಗಿ ಬಿಡಿಸಿ, ಒಂದನ್ನು ತೆಗೆದು ಮತ್ತೊಂದನ್ನು ಇಡುವ ಈ ಸಾಮರ್ಥ್ಯವೇ ಮುಂದೆ ಓದುಬರಹಕ್ಕೆ ತಳಹದಿ.

ಇದಕ್ಕೆ ಅಧ್ಯಯನಗಳ ಬೆಂಬಲವೂ ಇದೆ. ಇಂಗ್ಲೆಂಡಿನ ಲಿನೆಟ್ ಬ್ರಾಡ್ಲಿ ಮತ್ತು ಪೀಟರ್ ಬ್ರಯಂಟ್ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಧ್ವನಿಸಾಮ್ಯವನ್ನು ಆಧರಿಸಿ ಚಿತ್ರಗಳನ್ನು ವಿಂಗಡಿಸುವುದರ ಜೊತೆಗೆ ಪ್ಲಾಸ್ಟಿಕ್ ಅಕ್ಷರಗಳನ್ನೂ ಕೈಯಲ್ಲಿ ಹಿಡಿದು ಕಲಿತ ಮಕ್ಕಳು ಓದು ಮತ್ತು ಕಾಗುಣಿತಗಳಲ್ಲಿ ಮುಂದಿದ್ದರು. ಕನ್ನಡ ಮಕ್ಕಳ ಓದನ್ನು ಕುರಿತು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ನಮ್ಮ ಅಕ್ಷರಸಮುದಾಯದ ಕಲಿಕೆ ಮೊದಲ ತರಗತಿಗಳನ್ನು ದಾಟಿಯೂ ಮುಂದುವರಿಯುತ್ತದೆಯೆಂದು ತೋರಿಸಿದೆ. ಇಷ್ಟು ದೀರ್ಘವಾದ ದಾರಿಗೆ ಕಿವಿಯನ್ನು ಮೊದಲೇ ಸಿದ್ಧಗೊಳಿಸುವುದು ವಿವೇಕ.

ಹಾಗಾದರೆ ಶಿಶುತರಗತಿಯ ಕಲಿಕಾ ಮೂಲೆಯಲ್ಲಿ ಮಾಡಬೇಕಾದುದೇನು? ನಮ್ಮ ಛಂದಸ್ಸಿನ ಆರು ಪ್ರಾಸಗಳಿಗೆ ಪ್ರಾಣಿಗಳ ಹೆಸರುಗಳಿವೆ. ಪ್ರಾಸಾಕ್ಷರದ ಹಿಂದೆ ಹ್ರಸ್ವವಿದ್ದರೆ ಸಿಂಹಪ್ರಾಸ, ದೀರ್ಘವಿದ್ದರೆ ಗಜಪ್ರಾಸ. ಮಕ್ಕಳಿಗೆ ಇದಕ್ಕಿಂತ ಪ್ರಿಯವಾದ ಪರಿಭಾಷೆ ಬೇಕೆ? ಸಿಂಹದ ಚಿತ್ರವಿರುವ ಒಂದು ಪೆಟ್ಟಿಗೆ, ಆನೆಯ ಚಿತ್ರವಿರುವ ಇನ್ನೊಂದು ಪೆಟ್ಟಿಗೆ ಇಡೋಣ. ಮರ, ಕೆರೆ, ಹೊರೆಯ ಚಿತ್ರಗಳು ಸಿಂಹಕ್ಕೆ. ತೇರು, ಬೇರು, ಮೋರೆಯ ಚಿತ್ರಗಳು ಆನೆಗೆ. ಮಗು ಪದವನ್ನು ಗಟ್ಟಿಯಾಗಿ ಉಚ್ಚರಿಸಿ, ಕಿವಿಗೊಟ್ಟು, ಚಿತ್ರವನ್ನು ಪೆಟ್ಟಿಗೆಗೆ ಹಾಕಲಿ. ಕೆಲವು ವಾರಗಳ ಮೇಲೆ ಚಿತ್ರದ ಹಿಂಬದಿಯಲ್ಲಿ ಅಕ್ಷರವೂ ಬರಲಿ. ದೆಹಲಿಯ ಕನ್ನಡ ಮಗುವಿಗೆ ಈ ಆಟ ವಿಶೇಷವಾಗಿ ಅಗತ್ಯ. ಹಿಂದಿಯ ವರ್ಣಮಾಲೆಯಲ್ಲಿ ಹ್ರಸ್ವ ಎ, ಒಗಳಿಲ್ಲ. ಶಿಷ್ಟ ಹಿಂದಿಯಲ್ಲಿ ಳಕಾರವೂ ಇಲ್ಲ. ಬಳೆ, ಮಳೆ, ಹೊಳೆ ಒಂದು ಸಾಲು. ಬಲೆ, ತಲೆ, ಅಲೆ ಇನ್ನೊಂದು ಸಾಲು. ಈ ಭೇದವನ್ನು ಬೈಗುಳಕ್ಕಿಂತ ಆಟ ಚೆನ್ನಾಗಿ ಕಲಿಸುತ್ತದೆ.

ಪ್ರಾಸವೆಲ್ಲ ಮನರಂಜನೆ, ಅಕ್ಷರ ತಿದ್ದಿಸುವುದೇ ವಿದ್ಯೆ ಎಂಬ ಆಕ್ಷೇಪ ತಂದೆತಾಯಿಗಳಿಂದ ಬರುವುದುಂಟು. ಅವರ ಆತಂಕ ಅರ್ಥವಾಗುವಂಥದೇ. ಆದರೆ ಕಿವಿ ಗುರುತಿಸದ ಧ್ವನಿಯನ್ನು ಕೈ ತಿದ್ದಿದರೆ ಅದು ಬರಿಯ ಗೀಟಾಗಿ ಉಳಿಯುತ್ತದೆ. ಪ್ರಾಸದಾಟವೊಂದರಿಂದಲೇ ಭಾಷೆ ಬಂದುಬಿಡುತ್ತದೆಂದು ನಾನೂ ಹೇಳಲಾರೆ. ಕಥೆ, ಮಾತುಕತೆಗಳಿಲ್ಲದ ಪ್ರಾಸ ಪದಗಳ ಗಿಲಕಿಯಷ್ಟೆ.

ಲೋಧಿ ಎಸ್ಟೇಟಿನಲ್ಲಿ ದೆಹಲಿ ಕನ್ನಡ ಶಾಲೆಯಿದೆ. ರಾಮಕೃಷ್ಣಪುರದಲ್ಲಿ ದೆಹಲಿ ಕರ್ನಾಟಕ ಸಂಘವಿದೆ. ಆದರೆ ನಗರದ ವಾಯವ್ಯದ ಅಂಚಿನಲ್ಲಿರುವ ರೋಹಿಣಿಯಿಂದ ನಾಲ್ಕು ವರ್ಷದ ಮಗು ನಿತ್ಯ ಅಲ್ಲಿಗೆ ಹೋಗಿಬರುವುದು ಸುಲಭವಲ್ಲ. ಅದರ ಕನ್ನಡ ಮನೆಯ ಅಡುಗೆಮನೆಯಲ್ಲಿ ಉಳಿಯಬೇಕು, ಇಲ್ಲವೆ ನೆರೆಯ ಶಿಶುವಿಹಾರದಲ್ಲಿ ಒಂದು ಮೂಲೆಯನ್ನು ಪಡೆಯಬೇಕು. ಮೂರರಿಂದ ಎಂಟು ವರ್ಷದ ಮಕ್ಕಳಿಗಾಗಿ 2022ರಲ್ಲಿ ಪ್ರಕಟವಾದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆಟ, ಹಾಡು ಮತ್ತು ಮನೆಮಾತುಗಳಿಗೆ ಮನ್ನಣೆ ನೀಡಿದೆ. ಶಿಕ್ಷಕಿಗೆ ಕನ್ನಡ ಬಾರದಿದ್ದರೂ ಚಿಂತೆಯಿಲ್ಲ. 'ನಿಮ್ಮ ಮನೆಯಲ್ಲಿ ಪಾನಿ-ವಾನಿಗೆ ಏನನ್ನುತ್ತಾರೆ?' ಎಂದು ಆಕೆ ಕೇಳಿದರೆ ಸಾಕು. ಒಬ್ಬ ಶಾಣಿ ಎಂದಾನು, ಇನ್ನೊಬ್ಬ 'ನೀರು ಗೀರು' ಎಂದಾನು. ತನ್ನ ಮನೆಮಾತು ತರಗತಿಯನ್ನು ನಗಿಸಿತೆಂಬ ಹೆಮ್ಮೆಯಿಂದ ಮರಳುವ ಮಗು ಅದನ್ನು ಬೇಗ ಬಿಡುವುದಿಲ್ಲ.

ಈ ಹೊಣೆಯಲ್ಲಿ ನಮ್ಮ ವಿಭಾಗಗಳಿಗೂ ಪಾಲಿದೆ. ಶಾಲಾ ಇನ್ಸ್‌ಪೆಕ್ಟರರಾಗಿದ್ದ ಪಂಜೆ ಮಂಗೇಶರಾಯರು ಮಕ್ಕಳಿಗಾಗಿ ಹಾಡು ಬರೆಯುವುದನ್ನು ಕೀಳೆಂದು ಭಾವಿಸಲಿಲ್ಲ. ನಾವಾದರೋ ಛಂದಶ್ಶಾಸ್ತ್ರವನ್ನು ಕಂಠಪಾಠಕ್ಕೆ ಕೊಟ್ಟು, ಶಿಶುಶಿಕ್ಷಕಿಯರನ್ನು ಭಾಷಾಂತರಿಸಿದ ಇಂಗ್ಲಿಷ್ ಪದ್ಯಗಳ ಪಾಲಿಗೆ ಬಿಟ್ಟಿದ್ದೇವೆ. ಈ ಸಂಪುಟ ಹೊರಬರುತ್ತಿರುವ ಶುಭಸಂದರ್ಭದಲ್ಲಿ ನನ್ನದೊಂದು ವಿನಂತಿ: ಛಂದಸ್ಸಿನ ಪತ್ರಿಕೆಯನ್ನು ಓದುವ ಪ್ರತಿ ವಿದ್ಯಾರ್ಥಿಯೂ ಒಂದು ಪ್ರಾಸದಾಟವನ್ನು ರಚಿಸಿ, ಹತ್ತಿರದ ಅಂಗನವಾಡಿಯಲ್ಲಿ ಆಡಿಸಿ ಬರಲಿ. ಆ ಆಟ ಸಫಲವಾಯಿತೆ ಇಲ್ಲವೆ ಎಂಬುದಕ್ಕೆ ಅಂಕಗಳನ್ನು ಮಕ್ಕಳೇ ಕೊಡುತ್ತಾರೆ.